ಹನುಮಕ್ಕನ ಒಪ್ಪಿಗೆ

ಬಿಳಿಗುಡ್ಡ ವಿಶ್ವವಿದ್ಯಾಲಯದಲ್ಲಿ ಒಳಗೊಳ್ಳುವಿಕೆಯ ತರಬೇತಿ ಎಂದರೆ ಮೊದಲೆಲ್ಲ ಒಂದು ಮಧ್ಯಾಹ್ನದ ಭಾಷಣ. ಬೆಂಗಳೂರಿನಿಂದ ಯಾರೋ ಬಂದು ಜಾತಿ, ಲಿಂಗ, ಅಂಗವೈಕಲ್ಯ, ಭಾಷೆ ಎಂದು ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಪ್ರಾಧ್ಯಾಪಕರು ಹಿಂದಿನ ಸಾಲಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ವಿದ್ಯಾರ್ಥಿಗಳು ಹಾಜರಾತಿಗೆ ಬೆರಳೊತ್ತಿ ಹಿಂಬಾಗಿಲಿನಿಂದ ಕ್ಯಾಂಟೀನಿಗೆ ನಡೆಯುತ್ತಿದ್ದರು. ಆಮೇಲೆ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಸತ್ತ. ಅವನ ತಟ್ಟೆಯನ್ನು ಬೇರೆ ಇಡಿಸುತ್ತಿದ್ದ ಹುಡುಗರೆಲ್ಲ ಆ ಭಾಷಣ ಕೇಳಿ ಪ್ರಮಾಣಪತ್ರ ಪಡೆದವರೇ ಎಂದು ಪತ್ರಿಕೆಗಳಲ್ಲಿ ಬಂತು. ಇದು ಮಾತಿನಿಂದ ಆಗುವ ಕೆಲಸವಲ್ಲ ಎಂದು ಕುಲಪತಿಗಳು ತೀರ್ಮಾನಿಸಿದರು. ನರವಿಜ್ಞಾನ ವಿಭಾಗದ ಡಾ. ಅಪರ್ಣಾ ಹಂದೆಯವರ ಯಂತ್ರ ತರಬೇತಿಗೆ ಬಂದದ್ದು ಹೀಗೆ.

ಹಂದೆಯವರು ಅದಕ್ಕಿಟ್ಟ ಹೆಸರು ಪರಾನುಭವ. ಹುಡುಗರು ಅದನ್ನು ಟೋಪಿ ಎಂದರು. ನೋಡಲು ಹೆಲ್ಮೆಟ್ಟಿನಂತೆಯೇ ಇತ್ತು. ಒಳಮೈ ತುಂಬ ಬೇಳೆಕಾಳಿನಷ್ಟು ಚಿಕ್ಕ ಸಂವೇದಕಗಳು. ಒಬ್ಬರು ಅದನ್ನು ಹಾಕಿಕೊಂಡು, ಕಣ್ಣುಮುಚ್ಚಿ, ತಮಗಾದ ಒಂದು ಅವಮಾನವನ್ನು ನೆನೆಯಬೇಕು. ಹಾಗೆ ನೆನೆಯುವಾಗ ಮಿದುಳು ಆ ದಿನಕ್ಕೇ ಮರಳುತ್ತದೆ: ಹೊಟ್ಟೆ ಕಿವುಚುತ್ತದೆ, ಗಂಟಲು ಕಟ್ಟುತ್ತದೆ, ಕಿವಿ ಬಿಸಿಯಾಗುತ್ತದೆ. ಯಂತ್ರ ಆ ಏರಿಳಿತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಅದೇ ಟೋಪಿಯನ್ನು ಇನ್ನೊಬ್ಬರ ತಲೆಗಿಟ್ಟು ನುಡಿಸಿದರೆ ಅವರ ಹೊಟ್ಟೆ ಕಿವುಚುತ್ತದೆ, ಅವರ ಗಂಟಲು ಕಟ್ಟುತ್ತದೆ. ಚಿತ್ರ ಮಾತ್ರ ದಾಟುವುದಿಲ್ಲ. ಏನು ನಡೆಯಿತೆಂದು ಕಿವಿಯಲ್ಲಿ ಒಂದು ದನಿ ಹೇಳುತ್ತದೆ, ಚಿತ್ರವನ್ನು ಕೇಳುವವರ ಮಿದುಳೇ ಕಟ್ಟಿಕೊಳ್ಳುತ್ತದೆ.

ಯಂತ್ರವೇನೋ ಸಿದ್ಧವಾಗಿತ್ತು, ಅದರೊಳಗೆ ತುಂಬಲು ಅವಮಾನ ಬೇಕಿತ್ತು. ಹಂದೆಯವರು ಕೇಳಿದ ಹಲವರು ಬೇಡವೆಂದರು. ಒಪ್ಪಿದವಳು ತಿಪ್ಪೇಶ್ವರಿ. ಸಸ್ಯಶಾಸ್ತ್ರ ವಿಭಾಗದಲ್ಲಿ ಚೌಳುಭೂಮಿಯ ಹುಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳು ಹೆಚ್ಚು ಮಾತಿನವಳಲ್ಲ. ಅವಳ ಹೆಸರಿನ ಮೊದಲರ್ಧವನ್ನು ಮಾತ್ರ ಹಿಡಿದು ನಗುವವರು ಎಂ.ಎಸ್ಸಿ. ತರಗತಿಯಲ್ಲೂ ಇದ್ದರು. ಅದನ್ನು ಕಿವಿಗೆ ಹಾಕಿಕೊಳ್ಳದಿರುವುದನ್ನು ಅವಳು ಬಹಳ ಹಿಂದೆಯೇ ಕಲಿತಿದ್ದಳು. ಸತ್ತ ಹುಡುಗ ಅವಳ ವಿಭಾಗದವನು. ಸೂಕ್ಷ್ಮದರ್ಶಕದ ಕೆಳಗೆ ಗಾಜು ಇಡುವುದನ್ನು ಅವನಿಗೆ ಹೇಳಿಕೊಟ್ಟವಳು ಅವಳೇ. ತನ್ನಿಂದ ಏನಾದರೂ ಆಗುವುದಿದ್ದರೆ ಆಗಲಿ ಎಂದು ಹೋಗಿ ಕುರ್ಚಿಯ ಮೇಲೆ ಕೂತಳು.

ಅವಳು ಆರಿಸಿಕೊಂಡದ್ದು ಹೋಬಳಿಯ ಪ್ರೌಢಶಾಲೆಯ ಒಂದು ದಿನ. ಎಂಟನೆಯ ತರಗತಿಗೆ ಆಗಷ್ಟೇ ಸೇರಿದ್ದಳು. ಅವಳ ತಾಯಿ ಹನುಮಕ್ಕನಿಗೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೆಲಸ ಸಿಕ್ಕಿತು. ಮೊದಲ ದಿನವೇ, ಅಡುಗೆ ಮಾಡಿದವಳು ಯಾವ ಕೇರಿಯವಳೆಂಬ ಸುದ್ದಿ ಸಾಲಿನಲ್ಲಿ ಹಬ್ಬಿತು. ಒಬ್ಬ ಹುಡುಗಿ ಎದ್ದು ಹೋಗಿ ನಲ್ಲಿಯ ಹತ್ತಿರ ತಟ್ಟೆ ಬೋರಲು ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹನುಮಕ್ಕ ಸೌಟು ಹಿಡಿದು ಹಂಡೆಯ ಹಿಂದೆ ನಿಂತೇ ಇದ್ದಳು.

ಇಷ್ಟನ್ನು ತಿಪ್ಪೇಶ್ವರಿ ಹೇಳಿದಳು, ಅದನ್ನು ಬೇರೊಬ್ಬರ ದನಿಯಲ್ಲಿ ಓದಿಸಿ ಮುದ್ರಿಸಿಕೊಂಡರು. ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟದ್ದು ಒಂದಿತ್ತು. ಪಕ್ಕದಲ್ಲಿ ಕೂತಿದ್ದ ಹೊಸ ಗೆಳತಿ, ಅಡುಗೆಯವಳು ನಿಮ್ಮೂರ ಕಡೆಯವಳಂತೆ, ನಿನಗೆ ಗೊತ್ತಾ ಎಂದು ಕೇಳಿದ್ದಳು. ಗೊತ್ತಿಲ್ಲ ಎಂದಿದ್ದಳು ತಿಪ್ಪೇಶ್ವರಿ. ಹಾಗೆಂದು ಎದ್ದು ಹೋಗಿ ತನ್ನ ತಟ್ಟೆಯನ್ನೂ ನಲ್ಲಿಯ ಹತ್ತಿರ ಬೋರಲು ಹಾಕಿದ್ದಳು. ಗೆಳತಿ ಕೈ ಹಿಡಿದು ಎಳೆದುಕೊಂಡು ಹೋದಾಗ ಎದೆಯ ಮೇಲಿನ ಬಂಡೆ ಉರುಳಿದ ಹಾಗೆ ಹಗುರವಾಗಿತ್ತು. ಜೀವಮಾನದಲ್ಲಿ ಮತ್ತೆಂದೂ ಅಷ್ಟು ಹಗುರವಾದದ್ದು ಅವಳಿಗೆ ನೆನಪಿಲ್ಲ.

ಬಾಯಲ್ಲಿ ಹೇಳದಿದ್ದರೆ ಸಾಕು ಎಂದು ಅವಳು ತಿಳಿದಿದ್ದಳು. ಟೋಪಿ ತೆಗೆದಾಗ ತಂತ್ರಜ್ಞ ಗಿರಿಮಲ್ಲನ ಪರದೆಯ ಮೇಲೆ ಗೆರೆಯೊಂದು ಗುಡ್ಡದಂತೆ ಏರಿ, ತುದಿಯಲ್ಲಿ ಕಡಿದಾಗಿ ಇಳಿದಿತ್ತು. ಕೊನೆಯಲ್ಲಿ ಬಂದ ಈ ಹಗುರ ಯಾವುದು ಎಂದು ಹಂದೆಯವರು ಕೇಳಿದರು. ಮನೆಗೆ ಹೋದ ಮೇಲಿನದಿರಬೇಕು ಎಂದಳು. ಹಂದೆಯವರು ಅದನ್ನು ಕತ್ತರಿಸಿ ನೋಡಿದರು. ಆ ತುದಿ ಇಲ್ಲದೆ ನುಡಿಸಿದಾಗ ಟೋಪಿ ಹಾಕಿಕೊಂಡವರು ವಾಂತಿ ಮಾಡಿಕೊಂಡರು. ತುದಿ ಇದ್ದರೆ ಅತ್ತು, ನಿಟ್ಟುಸಿರು ಬಿಟ್ಟು, ಎದ್ದು ಹೋಗುತ್ತಿದ್ದರು. ಹಾಗಾಗಿ ತುದಿ ಉಳಿಯಿತು.

ತರಬೇತಿ ಶುರುವಾಯಿತು. ಒಂದೊಂದು ವಿಭಾಗವಾಗಿ ಬಂದು ಕೂತರು. ಕಣ್ಣೊರೆಸಿಕೊಳ್ಳದೆ ಹೊರಬಂದವರು ಕಡಿಮೆ. ತಿಪ್ಪೇಶ್ವರಿಗೆ ಇದರಿಂದ ಸಮಾಧಾನವಾಗಬೇಕಿತ್ತು. ಆದದ್ದು ಬೇರೆ. ಇಡೀ ಕ್ಯಾಂಪಸ್ಸು ಅವಳನ್ನು ಹೊಟ್ಟೆಯೊಳಗಿನಿಂದ ಅರಿತಂತಾಗಿತ್ತು. ಕ್ಯಾಂಟೀನಿನಲ್ಲಿ ಅವಳು ಬಂದರೆ ಜಾಗ ಮಾಡಿಕೊಟ್ಟು ಮಾತು ನಿಲ್ಲಿಸುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಪ್ರಾಧ್ಯಾಪಕರೊಬ್ಬರು ಗ್ರಂಥಾಲಯದ ಮೆಟ್ಟಿಲ ಮೇಲೆ ಅವಳ ಎರಡೂ ಕೈ ಹಿಡಿದುಕೊಂಡು, ನಿನ್ನ ನೋವು ನಿನಗಿಂತ ಚೆನ್ನಾಗಿ ನನಗೆ ಗೊತ್ತಮ್ಮ, ನಿನಗಾದರೆ ಅಭ್ಯಾಸವಾಗಿ ಹೋಗಿದೆ ಎಂದರು. ಅಳದೆ ಕೊನೆಯವರೆಗೆ ಯಾರು ಕೂರುತ್ತಾರೆ ಎಂದು ಎಂಜಿನಿಯರಿಂಗ್ ಹುಡುಗರು ಪಂದ್ಯ ಕಟ್ಟುತ್ತಿದ್ದರಂತೆ. ಗೆದ್ದವನನ್ನು ಅವಳಿಗೆ ಒಬ್ಬರು ತೋರಿಸಿಯೂ ಕೊಟ್ಟರು.

ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯಕ್ಕೆ ಒಂದು ರಾಷ್ಟ್ರೀಯ ಮನ್ನಣೆ ಬಂತು. ಸಮಾರಂಭಕ್ಕೆ ಹನುಮಕ್ಕನನ್ನೇ ಮುಖ್ಯ ಅತಿಥಿಯಾಗಿ ಕರೆಸಿ, ವೇದಿಕೆಯ ಮೇಲೆಯೇ ಅವಳಿಗೆ ಪರಾನುಭವ ಮಾಡಿಸಬೇಕು, ಮಗಳು ತಾಯಿಗಾಗಿ ಪಟ್ಟ ದುಃಖ ಎಷ್ಟೆಂದು ಆ ತಾಯಿಗೂ ತಿಳಿಯಲಿ ಎಂಬುದು ಕುಲಪತಿಗಳ ಆಲೋಚನೆ.

ಸುದ್ದಿ ಕೇಳಿದೊಡನೆ ತಿಪ್ಪೇಶ್ವರಿ ಹಂದೆಯವರ ಕೊಠಡಿಗೆ ಹೋಗಿ ಬೇಡವೆಂದು ಕೇಳಿಕೊಂಡಳು. ಹಂದೆಯವರು ಒಳ್ಳೆಯ ಹೆಂಗಸು. ತಾವೇ ಚಹಾ ಮಾಡಿಕೊಟ್ಟು, ಏಕೆ ಎಂದು ಕೇಳಿದರು. ಏಕೆ ಎಂಬುದನ್ನು ತಿಪ್ಪೇಶ್ವರಿ ಹೇಳಲಾರದೆ, ಅವ್ವನಿಗೆ ರಕ್ತದೊತ್ತಡ ಇದೆ ಎಂದಳು. ವೈದ್ಯರನ್ನು ಪಕ್ಕದಲ್ಲೇ ಕೂರಿಸೋಣ ಎಂದರು ಅವರು. ಅಲ್ಲಿಂದ ಗಿರಿಮಲ್ಲನ ಹತ್ತಿರ ಹೋಗಿ, ಆ ದಿನ ಖಾಲಿ ನುಡಿಸಿಬಿಡು ಎಂದು ಬೇಡಿದಳು. ಗೆರೆ ದೊಡ್ಡ ಪರದೆಯ ಮೇಲೆ ಕಾಣುತ್ತದಕ್ಕಾ, ಚಪ್ಪಟೆ ಬಂದರೆ ನನ್ನ ಕೆಲಸ ಹೋಗುತ್ತದೆ ಎಂದ ಅವನು. ಊರಿಗೆ ಫೋನು ಮಾಡಿ ಬರಬೇಡ ಎಂದರೆ ಹನುಮಕ್ಕ ಕೇಳಲಿಲ್ಲ. ಕಾರು ಕಳಿಸುತ್ತಾರಂತೆ, ತಾನೀಗ ಸಹಾಯಕಿಯಾಗಿರುವ ಅಂಗನವಾಡಿಯ ಟೀಚರು ಹೊಸ ಸೀರೆ ಉಡಿಸಿ ಕಳಿಸುತ್ತಾರಂತೆ, ಬರದಿದ್ದರೆ ಹೇಗೆ ಎಂದಳು.

ಸಭಾಂಗಣ ತುಂಬಿತ್ತು. ಹನುಮಕ್ಕ ವೇದಿಕೆ ಹತ್ತಿದಾಗ ಎಲ್ಲರೂ ಎದ್ದು ನಿಂತರು. ಅವಳು ಗಾಬರಿಯಾಗಿ ಹಿಂದೆ ತಿರುಗಿ, ತನ್ನ ಬೆನ್ನ ಹಿಂದೆ ಯಾರು ಬಂದರು ಎಂದು ನೋಡಿದಳು. ಯಂತ್ರದ ಬಗ್ಗೆ ಹಂದೆಯವರು ನಿಧಾನವಾಗಿ ತಿಳಿಸಿ ಹೇಳಿ, ಒಪ್ಪಿಗೆಯೇ ಎಂದು ಮೈಕಿನಲ್ಲಿ ಕೇಳಿದರು. ನೀವು ಹೇಳಿದ ಮೇಲೆ ಆಯ್ತು ಎಂದಳು ಹನುಮಕ್ಕ. ಸೆರಗು ಸರಿಸಿ ಟೋಪಿ ತೊಡಿಸಿದರು.

ಬೇರೆಯವರ ಮಿದುಳು ಯಾವುದೋ ಶಾಲೆ, ಯಾವುದೋ ನಲ್ಲಿ ಕಟ್ಟಿಕೊಳ್ಳುತ್ತಿತ್ತು. ಹನುಮಕ್ಕನಿಗೆ ಕಟ್ಟಿಕೊಳ್ಳುವ ಕೆಲಸವೇ ಇರಲಿಲ್ಲ. ಆ ದಿನ ಅವಳು ಅಲ್ಲಿಯೇ ನಿಂತಿದ್ದಳು. ಯಾವ ಹುಡುಗಿ ಯಾವಾಗ ಎದ್ದಳೆಂದು ಅವಳಿಗೆ ಗೊತ್ತಿತ್ತು. ಪರದೆಯ ಮೇಲೆ ಗೆರೆ ಏರಿತು, ಅವಳ ಮುಖ ಕುಗ್ಗಿತು, ಸಭೆ ಉಸಿರು ಹಿಡಿಯಿತು. ತುದಿ ಬಂದಾಗ ಮೊದಲ ಸಾಲಿನಲ್ಲಿದ್ದ ತಿಪ್ಪೇಶ್ವರಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಮುಚ್ಚಿದ ಕಣ್ಣು ಫಕ್ಕನೆ ತೆರೆದವು. ಹುಬ್ಬುಗಳು, ಲೆಕ್ಕ ತಪ್ಪಿದವರಂತೆ, ಒಂದಕ್ಕೊಂದು ಹತ್ತಿರ ಬಂದವು. ಆಮೇಲೆ ಮುಖದಲ್ಲಿ ಏನೂ ಕಾಣಲಿಲ್ಲ.

ಹೇಗನಿಸಿತು ಎಂದು ಮೈಕು ಹಿಡಿದಾಗ ಚೆನ್ನಾಗಿತ್ತು ಎಂದಳು. ಜೋರು ಚಪ್ಪಾಳೆ ಬಿತ್ತು.

ಕಾರು ಬರುವವರೆಗೆ ತಾಯಿ ಮಗಳು ಅತಿಥಿಗೃಹದ ಕೋಣೆಯಲ್ಲಿ ಕೂತಿದ್ದರು. ಹನುಮಕ್ಕ ಹಾರದ ಹೂಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದಳು. ಹಾರ ಮುಗಿಯುತ್ತ ಬಂದಾಗ ತಲೆ ಎತ್ತದೆ ಕೇಳಿದಳು.

"ಅಷ್ಟು ಹಗುರ ಆಗಿತ್ತೇನೇ ನಿಂಗೆ?"

ತಿಪ್ಪೇಶ್ವರಿ ಬಗ್ಗಿ, ಕೆಳಗೆ ಬಿದ್ದಿದ್ದ ಒಂದು ಹೂವನ್ನು ಹೆಕ್ಕಿದಳು.

"ನೀನು ತಟ್ಟೆ ಬೋರಲು ಹಾಕಿದ್ದು ನಾನು ನೋಡಿದ್ದೆ ಬಿಡು. ಚಿಕ್ಕವಳು, ಎಲ್ರೂ ಹಾಕಿದ್ರು, ಹಾಕಿದ್ಲು ಅನ್ಕಂಡೆ. ಮಗೀಗೆ ಒಳಗೆ ಎಷ್ಟು ಸಂಕಟ ಆಗಿರ್ಬೇಕು ಅಂತ ಇಷ್ಟು ವರ್ಷ ಅನ್ಕಂಡಿದ್ದೆ. ಅದಕ್ಕೇ ಆ ಕೆಲಸ ಬಿಟ್ಟೆ."

ಕಾರು ಬಂತು. ಹನುಮಕ್ಕ ಹೂಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಟೋಪಿಗೆ ಒಂದು ಗುಣವಿತ್ತು. ನುಡಿಸುವಾಗಲೂ ಅದು ಹಾಕಿಕೊಂಡವರ ಮಿದುಳನ್ನು ದಾಖಲಿಸುತ್ತಲೇ ಇರುತ್ತಿತ್ತು. ಯಾರಿಗಾದರೂ ಹೆಚ್ಚುಕಡಿಮೆಯಾದರೆ ತಿಳಿಯಲೆಂದು ಆ ಏರ್ಪಾಡು. ಕೆಲವು ದಿನಗಳ ಮೇಲೆ ಹಂದೆಯವರು ತಿಪ್ಪೇಶ್ವರಿಯನ್ನು ನಿಯಂತ್ರಣ ಕೊಠಡಿಗೆ ಕರೆಸಿದರು. ಅವರ ಕಣ್ಣು ಕೆಂಪಾಗಿದ್ದವು. ನಿಮ್ಮ ತಾಯಿಯವರ ದಾಖಲೆಯಂಥದ್ದು ನಾನು ಇದುವರೆಗೆ ನೋಡಿಲ್ಲ, ನೀವೊಮ್ಮೆ ಕೇಳಲೇಬೇಕು ಎಂದರು. ಬೇಡವೆನ್ನಲು ಅವಳಿಗೆ ಆಗಲಿಲ್ಲ. ತಾಯಿ ತನ್ನ ಮೇಲೆ ಎಷ್ಟು ಸಿಟ್ಟಾಗಿದ್ದಾಳೆ ಎಂದು ತಿಳಿದರೆ ಆ ಸಿಟ್ಟನ್ನಾದರೂ ಹೊರಬಹುದು ಎಂದು ಕೂತಳು.

ಸಿಟ್ಟು ಇರಲಿಲ್ಲ. ಮೊದಲು ಅವಳದೇ ಸಂಕಟ ಮಂಕಾಗಿ ಬಂತು, ಗೋಡೆಯಾಚೆಯಿಂದ ಕೇಳಿದ ಹಾಗೆ. ಆಮೇಲೆ ಆ ಹಗುರ. ಹಗುರವನ್ನು ಗುರುತಿಸಿದ ಕ್ಷಣ ಪಕ್ಕೆಯೊಳಗೆ ಕುಡುಗೋಲು ಹಾಕಿ ಎಳೆದ ಹಾಗೆ ಒಂದು ನೋವು. ಅದು ನಿಂತದ್ದು ಒಂದೇ ಗಳಿಗೆ. ಅದರ ಹಿಂದೆ ಬೇರೆ ಏನೋ ಬಂದು ನೋವನ್ನು ಮುಚ್ಚಿತು, ಬೆಚ್ಚಗೆ, ವಿಶಾಲವಾಗಿ. ಮೈಯ ಗಂಟುಗಳೆಲ್ಲ ಸಡಿಲವಾದವು. ಇದು ಏನೆಂದು ತಿಪ್ಪೇಶ್ವರಿಗೆ ತಟ್ಟನೆ ತಿಳಿಯಲಿಲ್ಲ. ತಿಳಿದಾಗ ಟೋಪಿಯನ್ನು ಕಿತ್ತು ಹಾಕಬೇಕೆನಿಸಿತು. ಅದು ಒಪ್ಪಿಗೆ. ಹೌದು, ನನ್ನನ್ನು ಕಳಚಿಕೊಂಡರೆ ಯಾರಿಗಾದರೂ ಹಗುರವಾಗಬೇಕಾದ್ದೇ, ನನ್ನ ಮಗಳಿಗೂ ಆಯಿತು, ಅದು ಸರಿಯೇ ಎಂದು ಹನುಮಕ್ಕನ ಮೈ ಹೇಳುತ್ತಿತ್ತು. ಹುಟ್ಟಿದಾಗಿನಿಂದ ಊರು ಅವಳಿಗೆ ಹೇಳಿಕೊಂಡು ಬಂದದ್ದನ್ನು ಆ ಮೈ ಯಾವ ತಕರಾರೂ ಇಲ್ಲದೆ ಮಗಳಿಗೆ ಹಿಂದಿರುಗಿಸುತ್ತಿತ್ತು.

"ಎಂಥ ಕ್ಷಮೆ ಅಲ್ವಾ?" ಎಂದರು ಹಂದೆಯವರು, ಕಣ್ಣೊರೆಸಿಕೊಳ್ಳುತ್ತ.

"ಅದು ಕ್ಷಮೆ ಅಲ್ಲ ಮೇಡಂ."

ಅವರು ಅವಳ ಭುಜದ ಮೇಲೆ ಕೈಯಿಟ್ಟರು. ಇದು ಒಪ್ಪಿಗೆ ಎಂದು ಅವಳು ವಿವರಿಸಿದ್ದನ್ನು ಅವರು ದುಃಖದ ಮಾತೆಂದು ತಿಳಿದರು.

ಮುಂದಿನ ತಿಂಗಳಿಂದ ತರಬೇತಿಗೆ ಹನುಮಕ್ಕನ ದಾಖಲೆಯೇ ಬಂತು. ಹಿಂದೆ ಜನ ಅಳುತ್ತ ಹೊರಬರುತ್ತಿದ್ದರು, ಈಗ ಎಣ್ಣೆ ಸ್ನಾನ ಮಾಡಿ ಬಂದವರಂತೆ ಬರತೊಡಗಿದರು. ಏನನ್ನೋ ಮಾಡಿದ್ದ ನೆನಪು, ಅದನ್ನು ಯಾರೋ ಸರಿಯೆಂದ ನೆಮ್ಮದಿ. ಕಡ್ಡಾಯವಲ್ಲದವರೂ ಬಂದರು, ಒಮ್ಮೆ ಕೂತವರು ಮತ್ತೆ ಹೆಸರು ಕೊಟ್ಟರು. ಎಲ್ಲರೂ ಆಕೆಯನ್ನು ಅಮ್ಮ ಎಂದು ಕರೆಯತೊಡಗಿದರು. ಕುಂದುಕೊರತೆ ಸಮಿತಿಗೆ ದೂರುಗಳು ಬರುವುದು ಕಡಿಮೆಯಾಯಿತು, ಏಕೆಂದರೆ ದೂರು ಕೊಡಬೇಕಾದವರನ್ನೂ ಅದೇ ಕುರ್ಚಿಯ ಮೇಲೆ ಕೂರಿಸಲಾಗುತ್ತಿತ್ತು. ಹಾಸ್ಟೆಲಿನಲ್ಲಿ ಮತ್ತೊಬ್ಬ ಹುಡುಗನ ತಟ್ಟೆ ಬೇರೆಯಾಯಿತು. ಅವನು ದೂರು ಬರೆದ. ವಿಚಾರಣೆಗೆ ಮುನ್ನ ಎರಡೂ ಕಡೆಯವರು ತರಬೇತಿ ಪಡೆಯಬೇಕೆಂಬ ನಿಯಮವಿತ್ತು. ಕೂತು ಎದ್ದ ಮೇಲೆ ಅವನು, ಇರಲಿ ಬಿಡಿ ಸಾರ್, ಅವರು ಮಾಡಿದ್ದರಲ್ಲಿ ತಪ್ಪೇನಿದೆ ಎಂದನಂತೆ. ಆ ಮಾತನ್ನು ಹಂದೆಯವರು ಒಂದು ವಿಚಾರಗೋಷ್ಠಿಯಲ್ಲಿ ಉದಾಹರಿಸಿದರು.

ತಿಪ್ಪೇಶ್ವರಿ ಆ ಹುಡುಗನನ್ನು ಹುಡುಕಿಕೊಂಡು ಹೋದಳು. ಅವನು ಹಾಸ್ಟೆಲಿನ ಜಗಲಿಯಲ್ಲಿ, ಎಲ್ಲರಿಂದ ಸ್ವಲ್ಪ ದೂರ, ಆ ದೂರವನ್ನು ತಾನೇ ಅಳೆದುಕೊಂಡಂತೆ ಕೂತು ಓದುತ್ತಿದ್ದ. ಸಿಟ್ಟು ಬರುವುದಿಲ್ಲವಾ ಎಂದು ಕೇಳಿದಳು. ಮೊದಲು ಬರುತ್ತಿತ್ತು ಅಕ್ಕ, ಅಮ್ಮನ ಟೋಪಿ ಹಾಕಿದ ಮೇಲೆ ನಿಂತಿತು ಎಂದು ನಕ್ಕ.

ಅವಳು ಅದೇ ವಾರ ಊರಿಗೆ ಹೋದಳು. ದಾಖಲೆಯನ್ನು ನಿಲ್ಲಿಸಬಹುದಾದವಳು ಅದನ್ನು ಕೊಟ್ಟವಳು ಒಬ್ಬಳೇ. ಹನುಮಕ್ಕ ಬೇಡವೆಂದು ಬಾಯಿಬಿಟ್ಟು ಹೇಳಿದರೆ ಸಾಕಿತ್ತು. ತಿಪ್ಪೇಶ್ವರಿ ಅಂಗನವಾಡಿಯ ಕಟ್ಟೆಯ ಮೇಲೆ ತಾಯಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ವಿವರಿಸಿದಳು. ಆ ಹುಡುಗನ ವಿಷಯ ಹೇಳಿದಳು. ನಿನ್ನ ಸಂಕಟದ ಮೇಲೆ ಅವರು ಮಲಗಿ ನಿದ್ದೆ ಮಾಡುತ್ತಿದ್ದಾರೆ ಅವ್ವಾ ಎಂದಳು. ಹನುಮಕ್ಕ ಮಕ್ಕಳ ಲೋಟಗಳನ್ನು ಬೂದಿಯಿಂದ ತಿಕ್ಕುತ್ತ ಕೇಳಿಸಿಕೊಂಡಳು.

"ಅಲ್ಲಿ ನಾನು ಹೋದ್ರೆ ಎಲ್ರೂ ಎದ್ದು ನಿಲ್ತಾರೆ ಕಣೆ. ಗೌಡರ ಮಗ ಅಲ್ಲಿ ಓದ್ತಾನಲ್ಲ, ಹಬ್ಬಕ್ಕೆ ಬಂದಾಗ ನನ್ನ ಕಾಲು ಮುಟ್ಟಿದ. ಅವರಪ್ಪ ನೋಡ್ತಾ ನಿಂತಿದ್ದ. ನೀನು ಓದಿ ಇಷ್ಟು ದೊಡ್ಡೋಳಾದೆ, ನಿನ್ನಿಂದ ಅದು ಆಗ್ಲಿಲ್ಲ."

ಕಾಲು ಮುಟ್ಟಿದವನು ಆಮೇಲೆ ಮನೆಯೊಳಗೆ ಬಂದನೇ ಎಂದು ಕೇಳಬೇಕೆಂದುಕೊಂಡ ತಿಪ್ಪೇಶ್ವರಿ ಕೇಳಲಿಲ್ಲ. ತಾಯಿಯ ಮುಖದಲ್ಲಿ ಅವಳು ಎಂದೂ ಕಾಣದಿದ್ದ ಒಂದು ಗೆಲುವಿತ್ತು. ಮಾರನೆಯ ಬಸ್ಸಿಗೆ ಬಿಳಿಗುಡ್ಡಕ್ಕೆ ಮರಳಿದಳು.

ಒಂದೇ ದಾಖಲೆಯನ್ನು ಅದೇ ಜನರಿಗೆ ಮತ್ತೆ ಮತ್ತೆ ನುಡಿಸಿದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಎರಡನೆಯ ವರ್ಷದ ಹೊತ್ತಿಗೆ ಹಳಬರಿಗೆ ಏನೂ ಆಗದಾಯಿತು. ಬೇರೆ ವಿಶ್ವವಿದ್ಯಾಲಯಗಳೂ ತರಬೇತಿಯನ್ನು ಕೇಳುತ್ತಿದ್ದವು. ಹೊಸ ದಾಖಲೆ ಬೇಕೆಂದು ಹನುಮಕ್ಕನನ್ನು ಮತ್ತೆ ಕರೆಸಿದರು. ಅವಳು ಈಗ ಕಾರಿನ ಬಾಗಿಲು ತೆಗೆಯುವವರೆಗೆ ಕಾಯುವುದನ್ನು ಕಲಿತಿದ್ದಳು. ನಿಯಂತ್ರಣ ಕೊಠಡಿಗೆ ಬಂದು, ಹಂದೆಯವರ ಮೊಮ್ಮಗುವಿನ ಯೋಗಕ್ಷೇಮ ವಿಚಾರಿಸಿ, ತಾನೇ ಸೆರಗು ಸರಿಸಿ ತಲೆಯೊಡ್ಡಿದಳು.

ಗೆರೆ ಏಳಲಿಲ್ಲ. ಪ್ರೌಢಶಾಲೆಯನ್ನು ನೆನೆಸಿಕೊಳ್ಳಿ ಎಂದರು, ನೆನೆಸಿಕೊಂಡಳು. ಆ ನೆನಪಿನ ಮೇಲೆ ಈಗ ಸಭಾಂಗಣದ ಚಪ್ಪಾಳೆ ಕೂತಿತ್ತು. ಬೇರೆ ದಿನಗಳನ್ನು ನೆನೆಸಿ ನೋಡಿದರು. ಬಾವಿಯಿಂದ ಓಡಿಸಿದ ದಿನ, ಮದುವೆಯ ಊಟದಿಂದ ಎಬ್ಬಿಸಿದ ದಿನ. ಯಾವುದಕ್ಕೂ ಗೆರೆ ಮೊಣಕಾಲೆತ್ತರಕ್ಕೂ ಏರಲಿಲ್ಲ. ಅಮ್ಮ ಖುಷಿಯಾಗಿದ್ದಾರೆ ಮೇಡಂ, ಇದರಲ್ಲಿ ಏನೂ ಸಿಗಲ್ಲ ಎಂದ ಗಿರಿಮಲ್ಲ.

ಹಂದೆಯವರು ತಿಪ್ಪೇಶ್ವರಿಯನ್ನು ಕರೆಸಿದರು. ಬಾಗಿಲ ಹೊರಗೇ ನಿಲ್ಲಿಸಿಕೊಂಡು, ಬಹಳ ಸಂಕೋಚದಿಂದ, ಒಂದು ಸಹಾಯ ಬೇಕಿತ್ತು ಎಂದರು. ಬೇರೆ ಯಾರು ಏನು ಹೇಳಿದರೂ ಅವರಿಗೆ ತಾಗುವುದಿಲ್ಲ, ಆ ದಿನದ ವಿಷಯವಾಗಿ ನೀವು ಏನಾದರೂ ಒಂದು ಮಾತು ಹೇಳಿದರೆ ಸಾಕು, ಅವರೂ ಒಪ್ಪಿದ್ದಾರೆ ಎಂದರು.

ಒಳಗೆ ಹನುಮಕ್ಕ ಟೋಪಿ ಹಾಕಿಕೊಂಡು ಕೂತಿದ್ದಳು. ಮಗಳನ್ನು ನೋಡಿ ನಕ್ಕಳು.

"ಹೇಳು ಮಗಾ. ನಿಮ್ಮ ಮೇಡಮ್ಮೋರು ಪಾಪ ಬೆಳಗಿಂದ ಕೂತವ್ರೆ. ಏನಾಗಲ್ಲ, ತಡ್ಕಂತೀನಿ."

ತಿಪ್ಪೇಶ್ವರಿ ತಾಯಿಯ ಎದುರಿನ ಸ್ಟೂಲಿನ ಮೇಲೆ ಕೂತಳು. ಅವಳಿಗೆ ಒಂದು ಉಪಾಯ ಹೊಳೆದಿತ್ತು. ನೋಯುವ ಮಾತಿಗಾಗಿ ಇವರೆಲ್ಲ ಕಾಯುತ್ತಿದ್ದಾರೆ. ತಾನು ಹಿತವಾದದ್ದನ್ನೇ ಹೇಳಿದರೆ ಗೆರೆ ನೆಲಕ್ಕೆ ಬೀಳುತ್ತದೆ, ಇವತ್ತಿಗೆ ಈ ಕೆಲಸ ಕೆಡುತ್ತದೆ. ಕೆಟ್ಟರೆ ಮುಂದೆ ಕರೆಸುವುದೂ ನಿಂತೀತು. ತಾಯಿಯ ಎರಡೂ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡಳು.

"ಅವ್ವಾ, ಅವತ್ತು ನಂಗೂ ಬಹಳ ಸಂಕಟ ಆಗಿತ್ತು. ನಿನ್ನ ನೋಡಿ ಒಳಗೆ ಅಳ್ತಿದ್ದೆ."

ಹನುಮಕ್ಕ ಮಗಳ ಮುಖ ನೋಡಿದಳು. ಆ ದಿನ ಮಗಳಿಗೆ ಏನಾಗಿತ್ತೆಂದು ಬೇರೆ ಯಾವ ತಾಯಿಯೂ ತಿಳಿಯದಷ್ಟು ಖಚಿತವಾಗಿ ಅವಳಿಗೆ ತಿಳಿದಿತ್ತು. ಅವಳದೇ ಎದೆಯಲ್ಲಿ ಅದು ಒಮ್ಮೆ ಆಗಿ ಹೋಗಿತ್ತು. ಬೇರೆಯವರ ಮುಂದೆ, ಕೈ ಹಿಡಿದುಕೊಂಡು, ಮಗಳು ತನಗೆ ಭಿಕ್ಷೆಯಂತೆ ಒಂದು ಸುಳ್ಳು ಹಾಕುತ್ತಿದ್ದಾಳೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

"ಹೂಂ ಕಣವ್ವಾ," ಎಂದಳು. "ಆಗಿರುತ್ತೆ."

ಗಾಜಿನ ಗೋಡೆಯಾಚೆ ಗಿರಿಮಲ್ಲ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಸರಿದ. ತಾಯಿಯ ಕೈ ಮಗಳ ಕೈಯೊಳಗೆ ಬೆಚ್ಚಗೆ, ಅಲುಗದೆ ಇತ್ತು.

"ಬಂತು ಮೇಡಂ," ಎಂದ ಅವನು, ಮೆಲ್ಲಗೆ, ಒಳಗಿನವರಿಗೆ ತೊಂದರೆಯಾಗದಂತೆ. "ಹಳೆಯದಕ್ಕಿಂತ ಚೆನ್ನಾಗಿ ಬರ್ತಿದೆ. ಅಕ್ಕಂಗೆ ಇನ್ನೂ ಸ್ವಲ್ಪ ಮಾತಾಡೋಕೆ ಹೇಳಿ."